ಗುಡ್‌ನೈಟ್ ಎಂಬ ಊರಿಗೆ, ಅಪ್ಪನ ಜೊತೆ

ಅಪ್ಪ ಮೂರು ತಿಂಗಳಿಗೆಂದು ಡಲ್ಲಾಸಿಗೆ ಬಂದಿದ್ದರು. ಚಳ್ಳಕೆರೆ ಕಡೆಯ ರೈತ, ವಯಸ್ಸು 74. ಮೊದಲ ವಾರ ಮಾಲು, ದೇವಸ್ಥಾನ ಎಲ್ಲ ನೋಡಿದರು. ಎರಡನೇ ವಾರದಿಂದ ಬೆಳಗ್ಗೆ ಬೇಗ ಎದ್ದು ಹಿತ್ತಲಲ್ಲಿ ನಿಂತು ಸುಮ್ನೆ ಆಕಾಶ ನೋಡತೊಡಗಿದರು. ಒಂದು ದಿನ ಕೇಳಿದರು, "ಈ ದೇಶದಲ್ಲಿ ದನ ಎಲ್ಲಿ ಕಟ್ತಾರಮ್ಮ?"

ಅವರ ಮನಸ್ಸಿನಲ್ಲಿ ಇನ್ನೊಂದು ವಿಷಯವೂ ಇತ್ತು. ಜನವರಿಯಲ್ಲಿ ಅವರ ಗೆಳೆಯ ತೀರಿಕೊಂಡಿದ್ದರು. ಇಬ್ಬರ ಹತ್ತಿರವೂ ಒಂದೊಂದೇ ಎತ್ತು ಇದ್ದ ಕಾಲದಲ್ಲಿ ಜೊತೆ ಕಟ್ಟಿ ಬೇಸಾಯ ಮಾಡಿದವರು. ಒಂದು ದಿನ ಅವರ ಹೊಲ, ಒಂದು ದಿನ ನಮ್ಮ ಹೊಲ. ನಾವು ಮಕ್ಕಳೆಲ್ಲ ಅವರನ್ನು 'ಜೊತೆಯೆತ್ತಿನ ಮಾವ' ಅಂತಲೇ ಕರೆಯುತ್ತಿದ್ದೆವು. ಅವರು ಹೋದಾಗ ಅಪ್ಪ ಕಣ್ಣಿನ ಆಪರೇಶನ್‌ಗೆ ಬೆಂಗಳೂರಿನಲ್ಲಿದ್ದರು. ನಾವು ಎರಡು ದಿನ ಬಿಟ್ಟು ಸುದ್ದಿ ಹೇಳಿದೆವು. ಅಪ್ಪ ಮಣ್ಣಿಗೆ ಹೋಗಲಾಗಲಿಲ್ಲ. ಆಮೇಲೆ ಆ ಮಾತನ್ನೇ ಎತ್ತಲಿಲ್ಲ.

ನಾನು ಟೆಕ್ಸಸ್ಸಿಗೆ ಬಂದ ಹೊಸದರಲ್ಲೇ ಚಾರ್ಲ್ಸ್ ಗುಡ್‌ನೈಟ್ ಎಂಬ ಹಳೆಯ ದನಗಾರನ ಬಗ್ಗೆ ಓದಿದ್ದೆ. ಟೆಕ್ಸಸ್ಸಿನ ಉತ್ತರದ ತುದಿಯನ್ನು ಪ್ಯಾನ್‌ಹ್ಯಾಂಡಲ್ ಅನ್ನುತ್ತಾರೆ, ಬಾಣಲೆಯ ಹಿಡಿ ಇದ್ದ ಹಾಗೆ ಇದೆ ಅಂತ. ಅಲ್ಲಿ ಮೊದಲು ರಾಂಚ್, ಅಂದರೆ ದನ ಸಾಕುವ ದೊಡ್ಡ ಹುಲ್ಲುಗಾವಲು, ಕಟ್ಟಿದವನು ಅವನೇ. 93 ವರ್ಷ ಬದುಕಿದ. ಏಪ್ರಿಲ್ ಕೊನೆಗೆ ನಾಲ್ಕು ದಿನ ರಜೆ ಹಾಕಿ, ಅಪ್ಪನನ್ನು ಕಾರಲ್ಲಿ ಕೂರಿಸಿಕೊಂಡು ಅವನ ಹಾದಿ ಹಿಡಿದೆ.

ಮೊದಲ ದಿನ: ವೆದರ್‌ಫರ್ಡಿನ ಎರಡು ಗೋರಿಗಳು

ಬೆಳಗ್ಗೆ ಆರಕ್ಕೆ ಹೊರಟೆವು. ಚಪಾತಿ, ಶೇಂಗಾ ಚಟ್ನಿಪುಡಿ, ಮೊಸರನ್ನ ಕಟ್ಟಿಕೊಂಡಿದ್ದೆ. ಫೋರ್ಟ್ ವರ್ತ್ ದಾಟಿದ ಮೇಲೆ ಟ್ರಾಫಿಕ್ ತಗ್ಗಿತು. ಎಂಟಕ್ಕೆಲ್ಲ ವೆದರ್‌ಫರ್ಡಿನ ಗ್ರೀನ್‌ವುಡ್ ಸ್ಮಶಾನದ ಮುಂದೆ ಇದ್ದೆವು.

"ಪ್ರವಾಸ ಅಂತ ಸ್ಮಶಾನಕ್ಕೆ ಕರ್ಕೊಂಡು ಬಂದಿದೀಯಲ್ಲಮ್ಮ" ಅಂದರು ಅಪ್ಪ. ಆದರೂ ಇಳಿದರು. ಓಕ್ ಮರಗಳ ನೆರಳು, ಇಬ್ಬನಿಯ ಹುಲ್ಲು. ಗುಡ್‌ನೈಟ್‌ನ ಗೆಳೆಯ ಆಲಿವರ್ ಲವಿಂಗ್‌ನ ಗೋರಿ ಹುಡುಕಲು ಕಾಲು ಗಂಟೆ ಆಯಿತು. ಅದರ ಮುಂದೆ ನಿಂತು ಅಪ್ಪನಿಗೆ ಕಥೆ ಹೇಳಿದೆ.

1866. ಅಮೆರಿಕದ ಅಂತರ್ಯುದ್ಧ ಮುಗಿದಿತ್ತು. ಟೆಕ್ಸಸ್ಸಿನಲ್ಲಿ ದನ ರಾಶಿ ರಾಶಿ, ಕೊಳ್ಳುವವರಿಲ್ಲ. ನ್ಯೂ ಮೆಕ್ಸಿಕೋದ ಫೋರ್ಟ್ ಸಮ್ನರ್ ಕೋಟೆಯಲ್ಲಿ ಸಾವಿರಾರು ಜನ ಮೂಲನಿವಾಸಿಗಳನ್ನು ಕೂಡಿಹಾಕಿದ್ದರು, ಅವರಿಗೆ ಊಟ ಒದಗಿಸಬೇಕಿತ್ತು. ಆಗ ಗುಡ್‌ನೈಟ್‌ಗೆ 30 ವರ್ಷ, ಲವಿಂಗ್‌ಗೆ 50 ದಾಟಿತ್ತು. ಇಬ್ಬರೂ ಸೇರಿ 18 ಆಳುಗಳ ಜೊತೆ ಸುಮಾರು 2000 ದನ ಹೊಡೆದುಕೊಂಡು ಹೊರಟರು. ಉತ್ತರದ ನೇರ ದಾರಿಯಲ್ಲಿ ಕಮಾಂಚಿ ಎಂಬ ಮೂಲನಿವಾಸಿ ಜನರ ಭಯ. ಅದಕ್ಕೇ ದಕ್ಷಿಣಕ್ಕೆ ಸುತ್ತಿ ಪೇಕೋಸ್ ನದಿ ಹಿಡಿಯಬೇಕಿತ್ತು. ನಡುವೆ ಮೂರು ಹಗಲು ಮೂರು ರಾತ್ರಿ ಒಂದು ಹನಿ ನೀರಿಲ್ಲದ ಬಯಲು.

"ನೀರಿನ ವಾಸನೆ ಬಂದ ಕೂಡಲೇ ಓಡಿರಬೇಕಲ್ಲ?" ಅಂದರು ಅಪ್ಪ. ನಾನಿನ್ನೂ ಅಲ್ಲಿಗೆ ಬಂದೇ ಇರಲಿಲ್ಲ. ಹೌದು, ಹಾಗೇ ಆಗಿತ್ತು. ನದಿಯ ವಾಸನೆ ಹಿಡಿದ ದನಗಳು ಹುಚ್ಚೆದ್ದು ನುಗ್ಗಿ, ಒಂದರ ಮೇಲೊಂದು ಬಿದ್ದು, ಎಷ್ಟೋ ಅಲ್ಲೇ ಸತ್ತವು. ಉಳಿದವನ್ನು ಮಾರಿ 12,000 ಡಾಲರ್ ಬಂಗಾರದ ನಾಣ್ಯ ತಂದರು. ಆ ಹಾದಿಗೆ ಇವತ್ತಿಗೂ ಗುಡ್‌ನೈಟ್-ಲವಿಂಗ್ ಟ್ರೇಲ್ ಅಂತಲೇ ಹೆಸರು.

ಮರುವರ್ಷ ಅದೇ ಹಾದಿಯಲ್ಲಿ ಲವಿಂಗ್ ಮುಂದೆ ಹೋದಾಗ ಕಮಾಂಚಿಗಳ ಏಟು ಬಿತ್ತು. ಹೇಗೋ ಕೋಟೆ ಸೇರಿದ. ತೋಳಿನ ಗಾಯ ಕೊಳೆತು 1867ರ ಸೆಪ್ಟೆಂಬರ್ 25ರಂದು ಸತ್ತ. ನನ್ನನ್ನು ಪರನೆಲದಲ್ಲಿ ಬಿಡಬೇಡ, ಟೆಕ್ಸಸ್ಸಿಗೆ ಒಯ್ಯಿ ಎಂದು ಗೆಳೆಯನಿಂದ ಮಾತು ತೆಗೆದುಕೊಂಡಿದ್ದ. ಗುಡ್‌ನೈಟ್ ಸದ್ಯಕ್ಕೆ ಅಲ್ಲೇ ಮಣ್ಣು ಮಾಡಿ, ದನಗಳನ್ನು ಕೊಲೊರಾಡೋಗೆ ಮುಟ್ಟಿಸಿ, ವಾಪಸ್ ಬಂದು ಹೆಣ ಮೇಲೆತ್ತಿಸಿದ. ಹಳೆಯ ಎಣ್ಣೆ ಡಬ್ಬಗಳನ್ನು ತಟ್ಟಿ ತಗಡು ಮಾಡಿ, ಬೆಸೆದು, ಪೆಟ್ಟಿಗೆಗೆ ಹೊದಿಸಿದರು. ಸುತ್ತ ಇದ್ದಿಲ ಪುಡಿ ತುಂಬಿದರು. ವ್ಯಾಗನ್‌ನಲ್ಲಿ ಹೇರಿ ನೂರಾರು ಮೈಲಿ ತಂದು, 1868ರ ಮಾರ್ಚ್ 4ರಂದು ಇಲ್ಲೇ ಮಣ್ಣು ಮಾಡಿದರು. ಅಷ್ಟಕ್ಕೇ ಬಿಡಲಿಲ್ಲ. ಗೆಳೆಯನ ಸಾಲ ತೀರಲಿ ಅಂತ ಇನ್ನೂ ಎರಡು ವರ್ಷ ಅವನನ್ನು ಪಾಲುದಾರ ಎಂದೇ ಇಟ್ಟುಕೊಂಡು, ಲಾಭದ ಪಾಲನ್ನು ಅವನ ಮನೆಯವರಿಗೆ ಕೊಟ್ಟ.

ಅಪ್ಪ ಏನೂ ಹೇಳಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಬೆಳಗಿನ ತಂಪು ಗಾಳಿ ಬೀಸುತ್ತಿತ್ತು, ಬೆವರೇನೂ ಇರಲಿಲ್ಲ.

ಅದೇ ಸ್ಮಶಾನದಲ್ಲಿ ಇನ್ನೊಂದು ಕಲ್ಲಿದೆ. ಬೋಸ್ ಐಕಾರ್ಡ್‌ನದು. ಗುಲಾಮನಾಗಿ ಹುಟ್ಟಿದ ಕಪ್ಪು ಕೌಬಾಯ್. ನಾಲ್ಕು ವರ್ಷ ಗುಡ್‌ನೈಟ್ ಜೊತೆ ಆ ಹಾದಿ ತುಳಿದವನು. ದನ ಮಾರಿ ಬಂದ ಹಣವೆಲ್ಲ ಅವನ ಹತ್ತಿರವೇ ಇರುತ್ತಿತ್ತು. ಕಪ್ಪು ಆಳಿನ ಹತ್ತಿರ ಹಣ ಇದೆ ಅಂತ ಕಳ್ಳರಿಗೆ ಹೊಳೆಯುವುದಿಲ್ಲ ಅನ್ನುವುದು ಗುಡ್‌ನೈಟ್ ಲೆಕ್ಕ. ಬೋಸ್ ತೀರಿಕೊಂಡಿದ್ದು 1929ರ ಜನವರಿಯಲ್ಲಿ. 90 ದಾಟಿದ್ದ ಗುಡ್‌ನೈಟ್ ಈ ಕಲ್ಲು ಹಾಕಿಸಿದ. ಅದರ ಮೇಲಿನ ಮಾತನ್ನು ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದೆ: ಗುಡ್‌ನೈಟ್-ಲವಿಂಗ್ ಹಾದಿಯಲ್ಲಿ ನಾಲ್ಕು ವರ್ಷ ನನ್ನ ಜೊತೆ ದುಡಿದ, ಒಂದು ಕೆಲಸಕ್ಕೂ ಹಿಂಜರಿಯಲಿಲ್ಲ, ಒಂದು ಮಾತನ್ನೂ ಮೀರಲಿಲ್ಲ, ದನಗಳು ಬೆದರಿ ಓಡಿದಾಗ ಎಷ್ಟೋ ಸಲ ನನ್ನ ಜೊತೆ ಕುದುರೆ ಓಡಿಸಿದ, ಕಮಾಂಚಿಗಳ ಜೊತೆ ಮೂರು ಕಾಳಗಗಳಲ್ಲಿದ್ದ, ಅಮೋಘ ನಡವಳಿಕೆ.

"ಇನ್ನೊಂದ್ ಸಲ ಓದು" ಅಂದರು ಅಪ್ಪ. ಓದಿದೆ.

ಅಲ್ಲಿಂದ ಡೆಕಟೂರ್ ಕಡೆ ಹತ್ತಿ 287ನೇ ಹೈವೇ ಹಿಡಿದೆವು. ವಿಚಿಟಾ ಫಾಲ್ಸ್ ದಾಟುತ್ತಿದ್ದಂತೆ ಮಣ್ಣು ಕೆಂಪಾಯಿತು. ಅಪ್ಪ ಕಿಟಕಿ ಇಳಿಸಿ, ನಿಲ್ಲಿಸು ಅಂದರು. ಬೇಲಿ ಪಕ್ಕದ ಗಿಡ ತೋರಿಸಿದರು. "ಇದು ನಮ್ಮ ಬಳ್ಳಾರಿ ಜಾಲಿ ಅಲ್ವಾ?" ಸ್ವಂತ ಅಲ್ಲ, ಆದರೆ ತೀರಾ ಹತ್ತಿರದ ನೆಂಟ. ಇಲ್ಲಿ ಮೆಸ್ಕೀಟ್ ಅನ್ನುತ್ತಾರೆ. ಬಳ್ಳಾರಿ ಜಾಲಿಯೂ ಅಮೆರಿಕ ಖಂಡದಿಂದಲೇ ನಮ್ಮಲ್ಲಿಗೆ ಬಂದದ್ದು. ಇಲ್ಲಿನ ರೈತರೂ ಹುಲ್ಲುಗಾವಲು ನುಂಗಿತು ಅಂತ ಇದನ್ನು ಬೈಯುತ್ತಾರೆ ಅಂದಾಗ ಅಪ್ಪನಿಗೆ ಬಹಳ ಸಮಾಧಾನವಾಯಿತು. ಅದರ ಬುಡದಲ್ಲೇ ಪಾಪಾಸುಕಳ್ಳಿಯೂ ಇತ್ತು. ಆಮೇಲೆ ದಾರಿಯುದ್ದಕ್ಕೂ ಅವರು ನಮ್ಮೂರಿನ ಕಾವಲಿನಲ್ಲೇ ಹೋಗುತ್ತಿದ್ದವರ ಹಾಗೆ ಮಾತಾಡಿದರು.

ಚಿಲ್ಡ್ರೆಸ್ ಹತ್ತಿರ ಬರುವಾಗ ಪಶ್ಚಿಮದಲ್ಲಿ ಮೋಡ ಹಸಿರು ಬಣ್ಣಕ್ಕೆ ತಿರುಗಿತ್ತು. ಹಸಿರು ಮೋಡ ಕಂಡರೆ ಇಲ್ಲಿಯವರು ಗಾಡಿಯನ್ನು ಮೊದಲು ಸೂರಿನಡಿ ನಿಲ್ಲಿಸುತ್ತಾರೆ. ನಾನು ಇನ್ನೊಂದು ಐದು ಮೈಲಿ ಅಲ್ವಾ ಅಂತ ಮುಂದೆ ಹೋದೆ. ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಬಿತ್ತು. ಪೆಟ್ರೋಲ್ ಬಂಕಿನ ಸೂರಿನಡಿ ಸೇರುವಷ್ಟರಲ್ಲಿ ಮುಂದಿನ ಗಾಜಿನ ಮೇಲೆ ಒಂದು ಸೀಳು ಬಿಟ್ಟಿತ್ತು. ಅಲ್ಲಿ ಆಗಲೇ ಆರೇಳು ಗಾಡಿಗಳು ಒತ್ತಿಕೊಂಡು ನಿಂತಿದ್ದವು. ಒಬ್ಬ ಮುದುಕ ಇಳಿದು, ಅಪ್ಪನ ಪಕ್ಕ ನಿಂತು, ಹತ್ತಿ ಹೊಲದ ಕಡೆ ನೋಡುತ್ತಾ ಏನೋ ಅಂದ. "ಬಿತ್ತನೆ ಇನ್ನೂ ಆಗಿಲ್ಲ, ಪುಣ್ಯ ಅಂತಾನೆ" ಎಂದೆ. ಅಪ್ಪ ಅವನ ಕಡೆ ತಿರುಗಿ ತಲೆಯಾಡಿಸಿದರು. ಇಬ್ಬರೂ ಹತ್ತು ನಿಮಿಷ ಹಾಗೇ ಅಕ್ಕಪಕ್ಕ ನಿಂತು ಮಳೆ ನೋಡಿದರು. ರಾತ್ರಿ ಚಿಲ್ಡ್ರೆಸ್‌ನಲ್ಲೇ ಉಳಿದೆವು.

ಎರಡನೇ ದಿನ: ಗುಡ್‌ನೈಟ್

ಬೆಳಗ್ಗೆ ಕ್ಲಾರೆಂಡನ್‌ನ ಒಂದು ಸಣ್ಣ ಹೋಟೆಲಿನಲ್ಲಿ ತಿಂಡಿ. ಅಪ್ಪ ದನದ ಮಾಂಸ ಮುಟ್ಟುವುದಿಲ್ಲ, ಕೋಳಿ ತಿನ್ನುತ್ತಾರೆ. ಮೆನುವಿನಲ್ಲಿ 'ಚಿಕನ್ ಫ್ರೈಡ್ ಸ್ಟೇಕ್' ಕಂಡು ಅದನ್ನೇ ಹೇಳಿಬಿಟ್ಟೆ. ಬಡಿಸುವಾಕೆ ಅಪ್ಪನ ಕಡೆ ನೋಡಿ, ಮೆಲ್ಲಗೆ ನನ್ನ ಹತ್ತಿರ ಬಗ್ಗಿ ಹೇಳಿದರು, ಅದು ಕೋಳಿಯಲ್ಲ, ಕೋಳಿಯ ಹಾಗೆ ಕರಿದ ದನದ ಮಾಂಸ. ಎಷ್ಟು ದೊಡ್ಡ ಉಪಕಾರ! ಈ ಕಡೆ ಬರುವವರು ಆ ಹೆಸರು ನೆನಪಿಟ್ಟುಕೊಳ್ಳಿ. ಕೊನೆಗೆ ಮೊಟ್ಟೆ, ಜೋಳದ ಬ್ರೆಡ್ ತರಿಸಿದೆವು. ಮೆಕ್ಕೆಜೋಳದ ಆ ಒರಟು ಬ್ರೆಡ್ ಅಪ್ಪನಿಗೆ ಹಿಡಿಸಿತು, ಎರಡು ಸಲ ಕೇಳಿ ಹಾಕಿಸಿಕೊಂಡರು.

ಪಕ್ಕದ ಮೇಜಿನ ರೈತ ಮಾತಿಗೆ ಬಂದ. ಅಪ್ಪನಿಗೆ ಎಷ್ಟು ಜಮೀನು ಅಂತ ಕೇಳಿದ. ಹನ್ನೆರಡು ಎಕರೆ ಅಂದೆ. ಅವನು ನಗಲಿಲ್ಲ. ಮಳೆ ಎಷ್ಟು ಅಂತ ಕೇಳಿದ. ತಮ್ಮಲ್ಲಿ ವರ್ಷಕ್ಕೆ ಇಪ್ಪತ್ತು ಇಂಚು ಬಂದರೆ ಹಬ್ಬ ಅಂದ. "ನಮ್ಮಲ್ಲಿ ಅಷ್ಟೂ ಇಲ್ಲ ಅಂತ ಹೇಳು" ಅಂದರು ಅಪ್ಪ. ಒಂದು ಹಸು ಮೇಯಲು ಎಷ್ಟು ನೆಲ ಬೇಕು ಅಂತ ಅಪ್ಪ ಕೇಳಿದರು. ಇಪ್ಪತ್ತು ಎಕರೆ, ಬರ ಬಂದರೆ ಇನ್ನೂ ಜಾಸ್ತಿ. ಅಪ್ಪ ಲೆಕ್ಕ ಹಾಕಿ, "ಹಂಗಾದ್ರೆ ನನ್ ಹೊಲದಲ್ಲಿ ಅರ್ಧ ಹಸು ಸಾಕಬಹುದು" ಅಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಇಡೀ ಮೇಜು ನಕ್ಕಿತು. ಎದ್ದು ಹೋಗುವಾಗ ಆ ರೈತ ಅಪ್ಪನ ಕೈ ಕುಲುಕಿ, ಅಂಗೈ ತಿರುಗಿಸಿ ನೋಡಿ, ತನ್ನದನ್ನೂ ತೋರಿಸಿದ.

ಕ್ಲಾರೆಂಡನ್‌ನಿಂದ ಅಮರಿಲೊ ಕಡೆ ಹೋಗುವಾಗ ಹೈವೇ ಪಕ್ಕದಲ್ಲೇ ಗುಡ್‌ನೈಟ್ ಊರು. ಊರು ಅನ್ನುವಂಥದ್ದೇನೂ ಈಗ ಉಳಿದಿಲ್ಲ. ಅವನು 1887ರಲ್ಲಿ ಕಟ್ಟಿಸಿದ ಎರಡಂತಸ್ತಿನ ಮನೆಯನ್ನು ರಿಪೇರಿ ಮಾಡಿ, ಪಕ್ಕದಲ್ಲಿ ಒಂದು ಸಣ್ಣ ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. ಎಲ್ಲ ದಿನವೂ ತೆರೆದಿರುವುದಿಲ್ಲ, ಮೊದಲೇ ಫೋನ್ ಮಾಡಿ ಹೋಗುವುದು ಒಳ್ಳೆಯದು.

ಗುಡ್‌ನೈಟ್ ಹುಟ್ಟಿದ್ದು 1836ರ ಮಾರ್ಚ್ 5, ಇಲಿನಾಯ್‌ನಲ್ಲಿ. ಐದು ವರ್ಷಕ್ಕೆ ತಂದೆ ಇಲ್ಲ. ಒಂಬತ್ತನೇ ವಯಸ್ಸಿನಲ್ಲಿ ಮನೆಯವರ ಜೊತೆ ಟೆಕ್ಸಸ್ಸಿಗೆ ಬಂದ, ದಾರಿಯುದ್ದಕ್ಕೂ ತಡಿ ಇಲ್ಲದ ಕುದುರೆಯ ಮೇಲೆ ಕೂತು. ಶಾಲೆ ಕಲಿತದ್ದು ಆರೇ ತಿಂಗಳು. ಓದು ಬರಹ ಬರಲಿಲ್ಲ. ಕಾಗದಪತ್ರ ಎಲ್ಲ ಹೆಂಡತಿಯದು. ಅವಳ ಹೆಸರು ಮೇರಿ ಆನ್, ಎಲ್ಲರ ಬಾಯಲ್ಲಿ ಮೊಲ್ಲಿ. "ನಾನು ನಾಕನೇ ಕ್ಲಾಸು, ಇವನಿಗಿಂತ ವಾಸಿ" ಅಂದರು ಅಪ್ಪ.

ಅವರಿಗೆ ಇಲ್ಲಿ ಬಹಳ ಇಷ್ಟವಾದದ್ದು ಓಲ್ಡ್ ಬ್ಲೂ ಎಂಬ ಎತ್ತಿನ ಕಥೆ. ಗುಡ್‌ನೈಟ್‌ನ ದನಗಳನ್ನು ಇಲ್ಲಿಂದ ಕಾನ್ಸಾಸ್‌ನ ಡಾಡ್ಜ್ ಸಿಟಿಗೆ, ಸುಮಾರು 250 ಮೈಲಿ, ಹೊಡೆದುಕೊಂಡು ಹೋಗುವಾಗ ಮುಂದೆ ನಡೆಯುತ್ತಿದ್ದದ್ದು ಅದು. ಕೊರಳಲ್ಲಿ ಹಿತ್ತಾಳೆ ಗಂಟೆ. ಗಂಟೆ ಸದ್ದಿನ ಹಿಂದೆ ಸಾವಿರಾರು ದನ. ರಾತ್ರಿ ಬಿಡಾರ ಹೂಡಿದಾಗ ಗಂಟೆಯ ನಾಲಿಗೆಗೆ ಪಟ್ಟಿ ಬಿಗಿಯುತ್ತಿದ್ದರು. ಸದ್ದಾದರೆ ಮಲಗಿದ ದನವೆಲ್ಲ ಎದ್ದು ಹೊರಡುತ್ತವಲ್ಲ. ಪಟ್ಟಿ ಕಟ್ಟುವವರೆಗೆ ಓಲ್ಡ್ ಬ್ಲೂ ಮಲಗದೆ ನಿಂತೇ ಇರುತ್ತಿತ್ತಂತೆ. ಬೇರೆ ದನಗಳನ್ನು ಕಸಾಯಿಖಾನೆಗೆ ಮಾರಿ ಬಂದರೂ ಅದು ಮಾತ್ರ ಆಳುಗಳ ಜೊತೆ ಮನೆಗೆ ವಾಪಸ್. ಇಪ್ಪತ್ತು ವರ್ಷ ಬದುಕಿತು. ಸತ್ತ ಮೇಲೆ ಅದರ ಕೊಂಬನ್ನು ರಾಂಚ್ ಆಫೀಸಿನ ಬಾಗಿಲ ಮೇಲೆ ಹಾಕಿದರು. ನಮ್ಮ ಕಡೆ ದೇವರ ದನಗಳ ಹಿಂಡಿನಲ್ಲೂ ಮುಂದಾಳು ಎತ್ತು ಇರುತ್ತದೆ, ಹಿಂಡು ಕಾಯುವ ಕಿಲಾರಿಗಳು ಅದನ್ನು ಹೊಡೆಯುವುದಿಲ್ಲ ಅಂತ ಅಪ್ಪ ಹೇಳಿದರು. ಮನೆ ತೋರಿಸುತ್ತಿದ್ದ ಹಿರಿಯ ಹೆಂಗಸು ಕೈಕಟ್ಟಿ ನಿಂತು ಕೇಳಿದರು, ನಾನು ತರ್ಜುಮೆ ಮಾಡಿದೆ.

ಇನ್ನೊಂದು ಸಂಗತಿಯನ್ನು ಆ ಹೆಂಗಸೇ ಹೇಳಿದರು. ದಾರಿಯಲ್ಲಿ ಹುಟ್ಟಿದ ಕರುಗಳನ್ನು ವ್ಯಾಗನ್‌ನಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ಸಂಜೆ ಇಳಿಸಿದರೆ ತಾಯಿ ಹತ್ತಿರ ಸೇರಿಸುತ್ತಿರಲಿಲ್ಲ. ಒಂದರ ಮೈವಾಸನೆ ಇನ್ನೊಂದಕ್ಕೆ ಅಂಟಿರುತ್ತಿತ್ತು. ಗುಡ್‌ನೈಟ್ ಪ್ರತಿ ಕರುವಿಗೂ ಬೇರೆ ಬೇರೆ ಚೀಲ ಮಾಡಿಸಿ, ಗುರುತು ಹಾಕಿಸಿದ. "ಇವನು ದನ ತಿಳಿದವನು" ಅಂದರು ಅಪ್ಪ.

ಆಮೇಲೆ ಸ್ಮಶಾನ. ಊರಿಂದ ಸ್ವಲ್ಪ ಆಚೆ, ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಗುಡ್‌ನೈಟ್‌ ಮನೆಯವರ ಗೋರಿಗಳ ಸುತ್ತ ತಂತಿ ಬೇಲಿ. ಆ ಬೇಲಿಯ ತುಂಬ ಕರ್ಚೀಫು! ಕೌಬಾಯ್‌ಗಳು ಕೊರಳಿಗೆ ಕಟ್ಟುವಂಥವು. ಬಂದವರೆಲ್ಲ ಒಂದೊಂದು ಕಟ್ಟಿ ಹೋಗುತ್ತಾರೆ. ಕೆಂಪು, ನೀಲಿ, ಬಿಸಿಲಿಗೆ ಬಿಳಿಚಿದವು, ಗಾಳಿಗೆ ಎಳೆಎಳೆಯಾದವು. ನಿನ್ನೆಯ ಮಳೆಗೆ ನೆನೆದವು ಇನ್ನೂ ಭಾರವಾಗಿ ಜೋತು ಬಿದ್ದಿದ್ದವು. ನಮ್ಮಲ್ಲಿ ಹರಕೆಗೆ ಮರಕ್ಕೆ ಬಟ್ಟೆ ಕಟ್ಟಿದ ಹಾಗೇ.

ಅವನ ಕೊನೆಯ ವರ್ಷಗಳನ್ನು ಅಲ್ಲೇ ಕಲ್ಲಿನ ಹತ್ತಿರ ಕೂತು ಹೇಳಿದೆ. ಒಂದು ಕಾಲಕ್ಕೆ 13 ಲಕ್ಷ ಎಕರೆ, ಒಂದು ಲಕ್ಷ ದನ ನೋಡಿಕೊಂಡವನು. ಮೆಕ್ಸಿಕೋದ ಗಣಿಗೆ ದುಡ್ಡು ಹಾಕಿ ಕಳೆದುಕೊಂಡ. ತನ್ನ ರಾಂಚನ್ನೂ ಮಾರಿದ, ನಾವಿಬ್ಬರೂ ಸಾಯುವವರೆಗೆ ಈ ಮನೆಯಲ್ಲಿರುತ್ತೇವೆ ಎಂಬ ಷರತ್ತಿನ ಮೇಲೆ. 1926ರ ಏಪ್ರಿಲ್‌ನಲ್ಲಿ ಮೊಲ್ಲಿ ಹೋದಳು. ಮಕ್ಕಳಿರಲಿಲ್ಲ. 55 ವರ್ಷ ಜೊತೆಗಿದ್ದವಳು ಹೋದ ಮೇಲೆ ಮುದುಕ ಹಾಸಿಗೆ ಹಿಡಿದ. ಕೊರಿನ್ ಗುಡ್‌ನೈಟ್ ಅಂತ ಮೊಂಟಾನದ ಒಬ್ಬ ಹುಡುಗಿ, ಇಬ್ಬರಿಗೂ ಒಂದೇ ಮನೆಹೆಸರು ಅನ್ನುವ ಕುತೂಹಲಕ್ಕೆ ಅವನಿಗೆ ಕಾಗದ ಬರೆಯುತ್ತಿದ್ದಳು. ಬಂದು ಆರೈಕೆ ಮಾಡಿದಳು. ಮುದುಕ ಎದ್ದು ಕೂತ. 1927ರ ಮಾರ್ಚ್ 5, ತನ್ನ 91ನೇ ಹುಟ್ಟುಹಬ್ಬದ ದಿನ ಅವಳನ್ನು ಮದುವೆಯಾದ. ಅವಳಿಗೆ 26.

ಅಪ್ಪ ಏನಾದರೂ ಅಂದಾರು ಅಂದುಕೊಂಡೆ. "ನೀರು ಕೊಡೋಕೆ ಒಬ್ರು ಬೇಕಲ್ಲಮ್ಮ" ಅಂದರು ಅಷ್ಟೇ. ಅಮ್ಮ ಹೋಗಿ ಆರು ವರ್ಷ ಆಯಿತು.

ಗುಡ್‌ನೈಟ್, ಕೊರಿನ್ ಇಬ್ಬರೂ ಚಳಿಗಾಲಕ್ಕೆ ಬೆಚ್ಚಗಿರಲಿ ಅಂತ ಅರಿಜೋನಾಗೆ ಹೋಗುತ್ತಿದ್ದರು. ಅಲ್ಲೇ 1929ರ ಡಿಸೆಂಬರ್ 12ರಂದು ಮುದುಕನ ಪ್ರಾಣ ಹೋಯಿತು. ಬೋಸ್‌ನ ಕಲ್ಲು ಹಾಕಿಸಿದ ವರ್ಷವೇ. ಇಲ್ಲಿಗೆ ತಂದು ಮೊಲ್ಲಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಅವಳ ಕಲ್ಲಿನ ಮೇಲೆ, ಇಡೀ ಬದುಕನ್ನು ಇತರರ ಸೇವೆಗೆ ಸವೆಸಿದವಳು ಎಂದಿದೆ.

ನಾನು ಕರ್ಚೀಫು ತಂದಿದ್ದೆ, ಕಟ್ಟಿದೆ. ಅಪ್ಪನ ಟವೆಲ್ ಕಡೆ ನೋಡಿದೆ. "ಇದು ಬೆವರು ಒರೆಸೋಕೆ. ಬೇಲಿಗೆ ಕಟ್ಟೋಕಲ್ಲ" ಅಂದು, ಮೊಲ್ಲಿಯ ಕಲ್ಲಿನ ಬುಡದಲ್ಲಿ ಬೆಳೆದಿದ್ದ ಕಳೆ ಕಿತ್ತು ಆಚೆ ಹಾಕಿದರು. ಕಿತ್ತಲ್ಲಿ ಮಣ್ಣನ್ನು ಅಂಗೈಯಿಂದ ತಟ್ಟಿ ಸರಿ ಮಾಡಿದರು. ರಾತ್ರಿ ಕ್ಯಾನ್ಯನ್ ಎಂಬ ಊರಿನಲ್ಲಿ ತಂಗಿದೆವು.

ಮೂರನೇ ದಿನ: ಪಾಲೊ ಡ್ಯೂರೊ

ಮೇಜಿನ ಹಾಗೆ ಸಪಾಟಾದ ಬಯಲು. ಎಲ್ಲೂ ಗುಡ್ಡದ ಸುಳಿವಿಲ್ಲ. ಇದ್ದಕ್ಕಿದ್ದಂತೆ ನೆಲ ಬಾಯಿ ತೆರೆಯುತ್ತದೆ. ಕೆಳಗೆ ಕೆಂಪು, ಹಳದಿ, ಬಿಳಿ ಪಟ್ಟೆಯ ಕಣಿವೆ. ಉದ್ದ ಸುಮಾರು 120 ಮೈಲಿ, ಆಳ 800 ಅಡಿ. ಅಪ್ಪ ಅಂಚಿನ ಕಂಬಿ ಹಿಡಿದು ನಿಂತು, "ಬಿಸಿಲಿಗೆ ಬಿರಿದ ಎರೆ ಹೊಲದ ಹಂಗೈತೆ, ಇರುವೆ ಕಣ್ಣಲ್ಲಿ ನೋಡಿದ್ರೆ" ಅಂದರು. ಪಾರ್ಕಿನ ಪಾಸನ್ನು ಹಿಂದಿನ ದಿನವೇ ಆನ್‌ಲೈನಿನಲ್ಲಿ ತೆಗೆದಿಟ್ಟಿದ್ದರಿಂದ ಗೇಟಿನಲ್ಲಿ ಕಾಯಬೇಕಾಗಲಿಲ್ಲ. ವಾರಾಂತ್ಯದಲ್ಲಿ ಗಾಡಿಗಳ ಸಾಲು ಉದ್ದ ಇರುತ್ತದೆ.

ಮಳೆ ಬಂದಿದ್ದಕ್ಕೆ ಕಣಿವೆಯ ತಳದಲ್ಲಿ ಹಳ್ಳ ರಸ್ತೆಯ ಮೇಲೇ ಹರಿಯುತ್ತಿತ್ತು. ಈ ರಸ್ತೆ ಹಳ್ಳವನ್ನು ಆರು ಸಲ ದಾಟುತ್ತದೆ. ಸ್ವಲ್ಪ ಮುಂದೆ ಹೋದ ಮೇಲೆ ರಸ್ತೆಗೆ ಅಡ್ಡಗಟ್ಟಿದ್ದರು. ಹಾಗಾಗಿ ಲೈಟ್‌ಹೌಸ್ ಬಂಡೆಯ ಕಡೆ ಹೋಗಲಾಗಲಿಲ್ಲ. ಅಪ್ಪನ ಮಂಡಿಗೆ ಆರು ಮೈಲಿ ನಡಿಗೆ ಆಗುತ್ತಲೂ ಇರಲಿಲ್ಲ ಬಿಡಿ. ಕೆಂಪು ನೀರಿನ ದಡದಲ್ಲಿ ಕೂತು ಮೊಸರನ್ನ ತಿಂದೆವು. ಎದ್ದು ನಡೆಯುವಾಗ ಅಪ್ಪನ ಚಪ್ಪಲಿಗೆ ಏನೋ ಚುಚ್ಚಿತು. ತೆಗೆದು ನೋಡಿದರೆ ನೆಗ್ಗಿಲು ಮುಳ್ಳು! ಅದೇ, ನಮ್ಮೂರ ದಾರಿಯಲ್ಲಿ ಸೈಕಲ್ ಟೈರಿಗೆ ಚುಚ್ಚುವ ನೆಗ್ಗಿಲು. ಇದು ಹಳೆಯ ಪ್ರಪಂಚದಿಂದ ಇಲ್ಲಿಗೆ ಬಂದ ಕಳೆ. ಅವರು ಜಾಲಿ ಕೊಟ್ಟರು, ನಾವು ನೆಗ್ಗಿಲು ಕೊಟ್ಟೆವು ಅಂತ ಅಪ್ಪ ಆ ಮುಳ್ಳನ್ನು ಜೇಬಿಗೆ ಹಾಕಿಕೊಂಡರು.

ಕಣಿವೆಯಲ್ಲಿ ನೆಲ ತೋಡಿ ಮಾಡಿದ ಗುಡಿಸಲಿನ ಮಾದರಿಯೊಂದಿದೆ. 1876ರ ಚಳಿಗಾಲದ ಹೊತ್ತಿಗೆ 1600 ದನಗಳ ಜೊತೆ ಗುಡ್‌ನೈಟ್ ಈ ಕಣಿವೆಗೆ ಇಳಿದ. ವ್ಯಾಗನ್ ಇಳಿಯುವ ದಾರಿ ಇಲ್ಲ. ಬಿಚ್ಚಿ, ತುಂಡುತುಂಡಾಗಿ ಇಳಿಸಿದರು. ಕೆಳಗೆ ಕಾಡುಕೋಣಗಳ ಹಾಗೆ ಬಫೆಲೊ, ಹತ್ತು ಸಾವಿರ ಇದ್ದವಂತೆ. ಅವನ್ನೆಲ್ಲ ಓಡಿಸಿ ದನ ಬಿಟ್ಟ. ಗೋಡೆ ಎತ್ತಿದ ಕಣಿವೆ, ಒಳಗೆ ನೀರು, ಹುಲ್ಲು, ಚಳಿಗಾಳಿಗೆ ಮರೆ. ಬೇಲಿಯೇ ಬೇಡ. ಆಮೇಲೆ ಐರ್ಲೆಂಡಿನ ಜಾನ್ ಅಡೈರ್ ಹಣ ಹಾಕಿದ, ಅವನ ಹೆಸರಿನ ಅಕ್ಷರದಲ್ಲೇ ಜೆಎ ರಾಂಚ್ ಆಯಿತು. ಎಕರೆಗೆ 75 ಸೆಂಟಿನ ಹಾಗೆ ಮೊದಲು ಕೊಂಡದ್ದು 12,000 ಎಕರೆ. ಒಂದೇ ಕಡೆ ಅಲ್ಲ. ನೀರು ಎಲ್ಲೆಲ್ಲಿದೆಯೋ ಅಲ್ಲಲ್ಲಿ, ಕೌದಿಯ ತುಂಡುಗಳ ಹಾಗೆ. "ಬಾವಿ ಕೊಂಡ್ರೆ ಹೊಲ ತಾನೇ ಬರುತ್ತೆ" ಅಂದರು ಅಪ್ಪ.

ಗುಡಿಸಲಿನ ಒಳಗೆ ಬಗ್ಗಿ ನೋಡಿದೆವು. ಕತ್ತಲು, ಹಸಿ ಮಣ್ಣಿನ ವಾಸನೆ. ಅವನ ಮೊದಲ ಗುಡಿಸಲಿನ ತೊಲೆಗಳು ಕಮಾಂಚಿಗಳು ಬಿಟ್ಟುಹೋದ ಡೇರೆಯ ಗಳುಗಳು. ಬಿಟ್ಟುಹೋದದ್ದು ಅನ್ನುವುದು ನನಗೆ ಸರಿ ಅನಿಸುವುದಿಲ್ಲ. ಎರಡು ವರ್ಷದ ಹಿಂದಷ್ಟೇ ಅವರನ್ನು ಇಲ್ಲಿಂದ ಓಡಿಸಿದ್ದರು.

ಮೊಲ್ಲಿ ಇಲ್ಲಿ ಬಂದಾಗ ಮಾತಿಗೊಂದು ಹೆಣ್ಣು ದನಿ ಇರಲಿಲ್ಲ. ತಿಂಗಳುಗಟ್ಟಲೆ ಆಳುಗಳು, ದನ, ಗಾಳಿ. ಒಬ್ಬ ಕೌಬಾಯ್ ಒಂದು ದಿನ ಗೋಣಿಚೀಲದಲ್ಲಿ ಮೂರು ಕೋಳಿ ತಂದುಕೊಟ್ಟ, ಭಾನುವಾರದ ಊಟಕ್ಕೆ ಅಂತ. ಅವಳು ಕೊಯ್ಯಲಿಲ್ಲ. ಸಾಕಿದಳು. ಅವುಗಳ ಜೊತೆ ಮಾತಾಡುತ್ತಿದ್ದಳು. ಅವು ಹಿಂದೆ ಹಿಂದೆ ಬರುತ್ತಿದ್ದವು. ನಾನು ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಅಡುಗೆಮನೆ ಕಿಟಕಿಗೆ ಬರುತ್ತಿದ್ದ ಒಂದು ಅಳಿಲಿನ ಜೊತೆ ಕನ್ನಡ ಮಾತಾಡುತ್ತಿದ್ದೆ. ಅಪ್ಪನಿಗೆ ಅದನ್ನು ಇಷ್ಟು ವರ್ಷ ಹೇಳಿರಲಿಲ್ಲ, ಅವತ್ತು ಹೇಳಿದೆ.

ನಾಲ್ಕನೇ ದಿನ: ಕೆಂಪು ಕರುಗಳು

ಕ್ಲಾಡ್ ಊರಿಂದ 207ನೇ ರಸ್ತೆ ದಕ್ಷಿಣಕ್ಕೆ ಇಳಿದು, ಪಾಲೊ ಡ್ಯೂರೊ ಕಣಿವೆಯನ್ನೂ ಟ್ಯೂಲ್ ಕಣಿವೆಯನ್ನೂ ದಾಟಿ ಸಿಲ್ವರ್‌ಟನ್‌ಗೆ ಹೋಗುತ್ತದೆ. ಐವತ್ತು ಮೈಲಿ ಹತ್ತಿರ, ನಡುವೆ ಬಂಕ್ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಕ್ಲಾಡ್‌ನಲ್ಲೇ ಟ್ಯಾಂಕ್ ತುಂಬಿಸಿ, ಮ್ಯಾಪ್ ಇಳಿಸಿಕೊಂಡು ಹೋಗಿ. ನಾನು ಟೆಕ್ಸಸ್ಸಿನಲ್ಲಿ ನೋಡಿದ ರಸ್ತೆಗಳಲ್ಲಿ ಇದಕ್ಕಿಂತ ಚೆಲುವಾದದ್ದಿಲ್ಲ. ಮುಂದಿನ ಗಾಜಿನ ಸೀಳು ಮಾತ್ರ ಗೇಣುದ್ದ ಆಗಿತ್ತು. ಅದನ್ನೇ ನೋಡುತ್ತಾ ನಿಧಾನ ಓಡಿಸಿದೆ.

ಟ್ಯೂಲ್ ಕಣಿವೆಯ ಹತ್ತಿರ ಗಾಡಿ ನಿಲ್ಲಿಸಿದೆ. 1874ರ ಸೆಪ್ಟೆಂಬರ್ 28ರಂದು ಕರ್ನಲ್ ಮೆಕೆಂಜಿಯ ಸೈನ್ಯ ಪಾಲೊ ಡ್ಯೂರೊದಲ್ಲಿದ್ದ ಕಮಾಂಚಿ, ಕಯೋವಾ, ಶೈಯಾನ್ ಬಿಡಾರಗಳ ಮೇಲೆ ಬಿತ್ತು. ಜನ ಹೆಚ್ಚು ಸಾಯಲಿಲ್ಲ, ಕಣಿವೆ ಹತ್ತಿ ಪಾರಾದರು. ಆದರೆ ಅವರ ಕುದುರೆಗಳು ಸಿಕ್ಕಿಬಿದ್ದವು. ಅವನ್ನು ಇಲ್ಲಿಗೆ ಹೊಡೆದುಕೊಂಡು ಬಂದು, ಸಾವಿರಕ್ಕೂ ಜಾಸ್ತಿ ಕುದುರೆಗಳನ್ನು ಗುಂಡಿಕ್ಕಿ ಕೊಂದರು. ಕುದುರೆ ಇಲ್ಲದ ಕಮಾಂಚಿ ಬೇಟೆಯಾಡಲಾರ, ಚಳಿಗಾಲ ಕಳೆಯಲಾರ. ಸೋತು, ಸರ್ಕಾರ ಕೊಟ್ಟ ಜಾಗಕ್ಕೆ ನಡೆದುಕೊಂಡು ಹೋದರು.

ಅಪ್ಪ ಬಾಗಿಲು ತೆರೆದು ಇಳಿದು ಬೇಲಿ ಹತ್ತಿರ ಹೋಗಿ ನಿಂತರು. ತುಂಬ ಹೊತ್ತಾದ ಮೇಲೆ, "ಕುದುರೆ ಏನು ಮಾಡಿತ್ತಮ್ಮ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

1878ರಲ್ಲಿ ಕಮಾಂಚಿ ಮುಖಂಡ ಕ್ವಾನಾ ಪಾರ್ಕರ್ ತನ್ನ ಜನರ ಜೊತೆ ಬಫೆಲೊ ಹುಡುಕಿಕೊಂಡು ಈ ಕಣಿವೆಗೆ ಮತ್ತೆ ಬಂದ. ಬಫೆಲೊ ಎಲ್ಲಿ? ಚರ್ಮಕ್ಕಾಗಿ ಕೊಂದು ಮುಗಿಸಿದ್ದರು. ಹಸಿದವರು ದನಕ್ಕೆ ಕೈಹಾಕಿದರು. ಗುಡ್‌ನೈಟ್ ಕೂತು ಮಾತಾಡಿದ. ಬಫೆಲೊ ಸಿಗುವವರೆಗೆ ದಿನ ಬಿಟ್ಟು ದಿನ ಎರಡು ದನ ಕೊಡುತ್ತೇನೆ, ನನ್ನ ಹಿಂಡು ಮುಟ್ಟಬೇಡಿ ಅಂದ. ಇಬ್ಬರೂ ಮಾತು ಉಳಿಸಿಕೊಂಡರು. ಅವರ ನೆಲದ ಮೇಲೆ ನಿಂತು ಅವರಿಗೇ ದಿನಕ್ಕೊಂದು ದನದ ಲೆಕ್ಕದಲ್ಲಿ ಕೊಟ್ಟ ಒಪ್ಪಂದ ಅದು. ಹಾಗಿದ್ದರೂ ಆ ಕಾಲದಲ್ಲಿ ಅಷ್ಟು ಮಾಡಿದವರೂ ಕಡಿಮೆ.

ಅದೇ ವರ್ಷ ಮೊಲ್ಲಿ ರಾತ್ರಿಯೆಲ್ಲ ತಾಯಿ ಸತ್ತ ಬಫೆಲೊ ಕರುಗಳ ಕೂಗು ಕೇಳುತ್ತಿದ್ದಳು. ತಡೆಯಲಾರದೆ ಗಂಡನಿಗೆ ಹೇಳಿ ಕೆಲವನ್ನು ಹಿಡಿಸಿ ತಂದು ಸಾಕಿದಳು. ಹತ್ತು ಸಾವಿರ ಓಡಿಸಿದ ಮನುಷ್ಯ ಹೆಂಡತಿಯ ಮಾತಿಗೆ ನಾಲ್ಕಾರು ಕರು ತಂದ. ಆ ಕರುಗಳ ಸಂತತಿ 200 ದಾಟಿತು. ಅವನು ಸತ್ತ ಮೇಲೂ ರಾಂಚಿನ ಮೂಲೆಯಲ್ಲಿ ಹೇಗೋ ಉಳಿಯಿತು. 1997ರಲ್ಲಿ ಅವನ್ನು ಕಿಟಕ್ವೆ ಊರಿನ ಕ್ಯಾಪ್‌ರಾಕ್ ಕ್ಯಾನ್ಯನ್ಸ್ ಪಾರ್ಕಿಗೆ ಕೊಟ್ಟರು. ದಕ್ಷಿಣ ಬಯಲಿನ ಬಫೆಲೊಗಳ ವಂಶದಲ್ಲಿ ಕೊನೆಗೆ ಉಳಿದದ್ದು ಇದು.

ಪಾರ್ಕಿನ ಗೇಟು ದಾಟಿ ಎರಡು ಮೈಲಿಗೆ ಅವು ರಸ್ತೆಯ ಮೇಲೇ ನಿಂತಿದ್ದವು. ಗಾಡಿ ಆಫ್ ಮಾಡಿದೆ. 50 ಗಜ ದೂರ ಇರಬೇಕು ಅಂತ ಬೋರ್ಡಿದೆ, ಆದರೆ ಅವೇ ಹತ್ತಿರ ಬಂದರೆ ಏನು ಮಾಡುವುದು? ಒಂದು ದೊಡ್ಡ ಹೋರಿ ಅಪ್ಪನ ಕಿಟಕಿಯ ಪಕ್ಕ ಹಾದು ಹೋಯಿತು. ಚಳಿಗಾಲದ ಉಣ್ಣೆ ಚಿಂದಿಚಿಂದಿಯಾಗಿ ಹೆಗಲಿಂದ ಇಳಿಬಿದ್ದಿತ್ತು. ಉಸಿರು ಕೇಳಿಸುತ್ತಿತ್ತು, ತಿದಿಯ ಹಾಗೆ. ಗಾಜಿನ ಆಚೆ ಅದರ ಕಣ್ಣು, ಕಪ್ಪಗೆ, ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಕಣ್ಣು. ಅದರ ಹಿಂದೆ ಹಸುಗಳು, ಹಸುಗಳ ಕಾಲಸಂದಿಯಲ್ಲಿ ಕರುಗಳು. ಇಟ್ಟಿಗೆ ಬಣ್ಣದ ಕೆಂಪು ಕರುಗಳು. ಅಪ್ಪ ಬೆರಳು ಮಡಚಿ ಎಣಿಸಿದರು. ಹದಿನೇಳು.

ಒಬ್ಬ ರೇಂಜರ್ ಸಿಕ್ಕಾಗ ಅಪ್ಪ ಕೇಳಿಸಿದ ಪ್ರಶ್ನೆ ಒಂದೇ. "ನಾಲ್ಕಾರು ಕರುವಿನಿಂದ ಬಂದವು ಅಂದ್ರೆ ಎಲ್ಲಾ ಒಂದೇ ರಕ್ತ. ಹೋರಿ ಬದಲಾಯಿಸಲಿಲ್ವಾ?" ರೇಂಜರ್ ಆಶ್ಚರ್ಯದಿಂದ ಅಪ್ಪನನ್ನು ನೋಡಿದ. ಅದೇ ತೊಂದರೆ ಆಗಿತ್ತಂತೆ. ಕರುಗಳು ಉಳಿಯುತ್ತಿರಲಿಲ್ಲ. ನ್ಯೂ ಮೆಕ್ಸಿಕೋದ ಒಂದು ರಾಂಚಿನಿಂದ ಮೂರು ಹೋರಿ ತಂದು ಬಿಟ್ಟ ಮೇಲೆ ಹಿಂಡು ಚೇತರಿಸಿತು. ಅಪ್ಪ, ನನಗೆ ಗೊತ್ತಿತ್ತು ಅನ್ನುವ ಹಾಗೆ ತಲೆಯಾಡಿಸಿದರು.

ವಾಪಸ್ ಹೊರಟಾಗ ಸಂಜೆ ನಾಲ್ಕು. ಕಿಟಕ್ವೆ ದಾಟಿ ಸಿಗ್ನಲ್ ಬಂದ ಕೂಡಲೇ ಅಪ್ಪ ಊರಿಗೆ ಫೋನ್ ಹಚ್ಚು ಅಂದರು. ಅಲ್ಲಿ ಈಗ ನಡುರಾತ್ರಿ, ಮಲಗಿರ್ತಾರೆ ಅಂದೆ. ಹಾಗಿದ್ದರೆ ಬರೆದುಕೊ, ನಾಳೆ ಹೇಳೋಣ ಅಂದರು. ಜೊತೆಯೆತ್ತಿನ ಮಾವನ ಗುಂಡಿಯ ಮೇಲೆ ಇನ್ನೂ ಕಲ್ಲು ಹಾಕಿಲ್ಲವಂತೆ. ಮಗ ದುಡ್ಡಿಲ್ಲ ಅಂದನಂತೆ. ದುಡ್ಡು ನಾನು ಕೊಡುತ್ತೇನೆ, ಬರೆಯುವ ಮಾತೂ ನನ್ನದೇ ಅಂದರು.

ರಸ್ತೆ ಪಕ್ಕ ಮೆಸ್ಕೀಟ್ ನೆರಳಲ್ಲಿ ಗಾಡಿ ನಿಲ್ಲಿಸಿ ಫೋನ್ ತೆಗೆದೆ. ಅಪ್ಪ ಮುಂದಿನ ಸೀಳಿದ ಗಾಜಿನಲ್ಲಿ ನೋಡುತ್ತಾ ಒಂದೊಂದೇ ಸಾಲು ಹೇಳಿದರು. ಇಪ್ಪತ್ತೆರಡು ವರ್ಷ ನನ್ನ ಎತ್ತಿಗೆ ಜೊತೆ ಕಟ್ಟಿದ. ತನ್ನ ಹೊಲ ಕಾದಿದ್ದಾಗಲೂ ಮೊದಲು ನನ್ನ ಹೊಲ ಉತ್ತುಕೊಟ್ಟ. ಎರಡು ಬರದಲ್ಲಿ ಮೇವು ಹಂಚಿಕೊಂಡ. ಒಂದು ದಿನವೂ ಇಲ್ಲ ಅನ್ನಲಿಲ್ಲ.

"ನಾನು ಮಣ್ಣಿಗೆ ಬರಲಿಲ್ಲ ಅಂತಾನೂ ಹಾಕಲಾ?" ಅಂತ ಕೇಳಿದರು. ಬೇಡ ಅಪ್ಪ ಅಂದೆ. ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಇಪ್ಪತ್ತೆರಡು ಅಲ್ಲ, ಇಪ್ಪತ್ತಮೂರು ವರ್ಷ, ನೀನು ಹುಟ್ಟಿದ ವರ್ಷದಿಂದ ಹಿಡಿದು, ತಿದ್ದು ಅಂದರು. ತಿದ್ದಿದೆ.